ಗಲಗಲ ಅನ್ನುವ ಪವರ್ ಸಪ್ಲೈ

ನಮ್ಮ ಮನೆಯ ಕಂಪ್ಯೂಟರ್ ಕೆಟ್ಟು ನಿಂತ ದಿನ ಮಾವನವರು ಊಟ ಬಿಟ್ಟರು. ಬಿಟ್ಟರು ಅಂದರೆ ಮಧ್ಯಾಹ್ನದ ರೊಟ್ಟಿ ಬಿಟ್ಟರು, ಅಷ್ಟೇ. ಸಂಜೆಯಾಗುವುದರೊಳಗೆ ಒಗ್ಗರಣೆ ಮಂಡಕ್ಕಿ ಮಾಡಿಸಿಕೊಂಡು, ಜೊತೆಗೆ ಮಿರ್ಚಿಯನ್ನೂ ತರಿಸಿಕೊಂಡು ತಿಂದರು. ಆದರೆ ಕೊಟ್ಟೂರಿನ ಬಜಾರಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ "ಅದು ಚಾಲೂ ಆಗೋತನಕ ನಂಗ ಅನ್ನ ಸೇರಂಗಿಲ್ಲಪಾ" ಎಂದು ಹೇಳಿಕೊಂಡು ಬಂದರು. ಮಾರನೆಯ ದಿನ ಓಣಿಯ ಕಟ್ಟೆಯ ಮೇಲೆ ಕುಳಿತಿದ್ದ ಹೆಂಗಸರು ನನ್ನನ್ನು ತಡೆದು, "ಏನವಾ, ಮುದುಕಪ್ಪ ಉಣ್ಣವಲ್ಲನಂತಲ್ಲ? ಏನ್ ಅಂದಿ ಅವಗ?" ಎಂದು ಕೇಳಿದರು. ನನ್ನ ಪಿತ್ತ ನೆತ್ತಿಗೇರಿತು. ಹಿಂದಿನ ಸಂಜೆಯ ಮಿರ್ಚಿಯ ಲೆಕ್ಕ ಒಪ್ಪಿಸೋಣ ಅನ್ನಿಸಿತು. ಮನೆಯ ಮರ್ಯಾದೆ ಅಂತ ನುಂಗಿಕೊಂಡು ಬಂದೆ.

ಸಿಟ್ಟು ಬಂದರೂ ಅವರ ಸಂಕಟ ನನಗೆ ಗೊತ್ತಿತ್ತು. ಮಾವನವರು ಜೀವಮಾನವಿಡೀ ಶೇಂಗಾ ವ್ಯಾಪಾರ ಮಾಡಿದವರು. ಆ ಕಾಲದಲ್ಲಿ ಅವರು ಓದಿದ್ದು ಪೇಪರಿನಲ್ಲಿ ಬರುವ ಧಾರಣೆ ಮಾತ್ರ. ಅತ್ತೆ ತೀರಿಕೊಂಡು, ಅಂಗಡಿಯನ್ನು ನನ್ನ ಗಂಡನ ಕೈಗೆ ಕೊಟ್ಟ ಮೇಲೆ, ಇದ್ದಕ್ಕಿದ್ದಂತೆ ಅವರಿಗೆ ಓದುವ ಹುಚ್ಚು ಹಿಡಿಯಿತು. ಹುಚ್ಚು ಹಿಡಿಯುವ ಹೊತ್ತಿಗೆ ಸರಿಯಾಗಿ ಕಣ್ಣು ಕೈಕೊಟ್ಟಿತು. ದಾವಣಗೆರೆಯ ಕಣ್ಣಿನ ಡಾಕ್ಟರು ನೋಡಿ, "ಅಜ್ಜಾರೇ, ಕಣ್ಣಿನ ಒಳಪರದೆಯ ನಟ್ಟನಡುವೆ ಕೆಟ್ಟಿದೆ. ಸುತ್ತ ಕಾಣುತ್ತೆ, ನಡುವೆ ಮಸುಕಾಗುತ್ತಾ ಹೋಗುತ್ತೆ. ಇಂಜೆಕ್ಷನ್ ಹಾಕಿ ತಡೆಯೋಣ, ತಡೆದಷ್ಟು ನಮ್ಮದು. ಓದೋದು ಏನಾದ್ರೂ ಇದ್ರೆ ಈಗಲೇ ಓದಿಬಿಡಿ" ಎಂದು ಮುಖಕ್ಕೆ ಹೇಳಿದ್ದರು. ಹೊರಗೆ ಬಂದು ಮಾವನವರು, "ಏನ್ ಒರಟ ಅದಾನಲೇ ಈ ಡಾಕ್ಟ್ರು!" ಎಂದರು. ಬಸ್ಸಿನಲ್ಲಿ ಊರು ಬರುವ ತನಕ ಕಿಟಕಿಯಾಚೆಯ ಅಂಗಡಿ ಬೋರ್ಡುಗಳನ್ನು ಓದಲು ನೋಡುತ್ತಲೇ ಇದ್ದರು.

ಆಗ ಉಪಯೋಗಕ್ಕೆ ಬಂದದ್ದು ಈ ಕಂಪ್ಯೂಟರ್. ಕೊರೋನಾ ಕಾಲದಲ್ಲಿ ಮಗಳ ಪಾಠಕ್ಕೆಂದು ಕೊಂಡಿದ್ದು, ಅವಳು ಹಾಸ್ಟೆಲಿಗೆ ಹೋದ ಮೇಲೆ ಕಸೂತಿ ಬಟ್ಟೆ ಹೊದ್ದುಕೊಂಡು ಮೂಲೆಯಲ್ಲಿ ಕುಳಿತಿತ್ತು. ಅದರ ದೊಡ್ಡ ಪರದೆಯ ಮೇಲೆ ಅಕ್ಷರಗಳನ್ನು ಹಿಗ್ಗಿಸಿ ಹಿಗ್ಗಿಸಿ ಬದನೆಕಾಯಿ ಗಾತ್ರ ಮಾಡಿದರೆ, ಮಾವನವರು ಮುಖ ಸ್ವಲ್ಪ ಓರೆ ಮಾಡಿ ಓದಬಲ್ಲವರಾಗಿದ್ದರು. ಹರಪನಹಳ್ಳಿಯ ನನ್ನ ತವರಿನಿಂದ ಅಣ್ಣ ಒಂದು ದಪ್ಪ ಕಾದಂಬರಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟಿದ್ದ. ಅಣ್ಣ ತಮ್ಮ ಜಗಳವಾಡಿ ಅಂಗಳದ ನಡುವೆ ಗೋಡೆ ಕಟ್ಟಿಕೊಳ್ಳುವ ಕಥೆ. ಮಾವನವರು ಅದನ್ನು ಬಾಯಿಬಿಟ್ಟು, ಓಣಿಗೆಲ್ಲ ಕೇಳುವಂತೆ ಓದುತ್ತಿದ್ದರು. ಒಂದು ಸಾಲು ಓದುವುದು, ಆ ದೊಡ್ಡಣ್ಣನಿಗೆ ಒಂದು ಬೈಗುಳ ಬೈಯುವುದು. "ಹಾಳಾದವನ, ತಮ್ಮನ ಬಾಯಿಗೆ ಮಣ್ಣು ಹಾಕಾಕ ಹೊಂಟೀಯೇನಲೇ!" ಎಂದು ಅವರು ಗುಡುಗಿದರೆ ಹಾಲು ಹಾಕುವವಳು ಬಾಗಿಲಲ್ಲೇ ಬೆಚ್ಚುತ್ತಿದ್ದಳು. ಗೋಡೆ ಬೀಳುತ್ತದೋ ಇಲ್ಲವೋ, ಅಣ್ಣ ತಮ್ಮ ಒಂದಾಗುತ್ತಾರೋ ಇಲ್ಲವೋ ಅನ್ನುವ ಕಟ್ಟಕಡೆಯ ಭಾಗಕ್ಕೆ ಬಂದಾಗಲೇ ಕಂಪ್ಯೂಟರ್ ಕೆಟ್ಟಿದ್ದು.

"ಮಾವಾ, ಫೋನಿನ್ಯಾಗ ಹಾಕಿ ನಾನೇ ಓದಿ ಹೇಳ್ತೀನಿ ಬಿಡ್ರಿ" ಎಂದೆ.

"ಮಂದಿ ಅಗಿದ ಎಲಿ ಅಡಿಕಿ ನಾ ಬಾಯಾಗ ಹಾಕ್ಕಳಂಗಿಲ್ಲವಾ" ಎಂದರು.

ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಮುದುಕನ ಸೊಕ್ಕು ನೋಡು ಅಂದುಕೊಂಡೆ. ಆದರೂ ಒಳಗೊಳಗೇ ಒಂದು ಗಾಬರಿ ಇತ್ತು. ಡಾಕ್ಟರು ಹೇಳಿದ ಹಾಗೆ ಆ ಕಣ್ಣು ನಮಗಾಗಿ ಕಾಯುವಂಥದ್ದಲ್ಲ, ಕಂಪ್ಯೂಟರ್ ಬೇಗ ರಿಪೇರಿ ಆಗಲೇಬೇಕಿತ್ತು.

ನನ್ನ ಗಂಡನ ರಿಪೇರಿ ವಿಧಾನ ಒಂದೇ: ತಟ್ಟುವುದು. ಟಿವಿ ರಿಮೋಟಿನಿಂದ ಹಿಡಿದು ಮಿಕ್ಸಿ ತನಕ ಎಲ್ಲವನ್ನೂ ತಟ್ಟಿಯೇ ದಾರಿಗೆ ತಂದವರು. ಕಂಪ್ಯೂಟರಿನ ಡಬ್ಬಿಯನ್ನೂ ಬೆನ್ನಿಗೆ, ಪಕ್ಕೆಗೆ ತಟ್ಟಿದರು. ಅದು ಮಿಸುಕಲಿಲ್ಲ. ಕೊನೆಗೆ ಮೊಬೈಲ್ ರಿಪೇರಿ ಅಂಗಡಿಯವನನ್ನು ಕರೆತಂದರು. ಅವನು ಬಿಚ್ಚಿ ಮೂಸಿ ನೋಡಿ, "ಪವರ್ ಸಪ್ಲೈ ಸುಟ್ಟೈತ್ರಿ. ಗ್ವಾಡಿ ಕರೆಂಟ್ ಒಳಗ ಬಂದ ಮ್ಯಾಲೆ ಬೇರೆ ಬೇರೆ ಭಾಗಕ್ಕ ಹಂಚಿ ಕೊಡೋ ಡಬ್ಬಿ ಇದು. ಉಳಿದಿದ್ದೆಲ್ಲಾ ಚಲೋ ಐತಿ. ನನ್ನ ಹತ್ರ ಇಲ್ರಿ, ಹಗರಿಬೊಮ್ಮನಹಳ್ಳಿಗೆ ಹೋಗ್ರಿ, ಸಿಗತೈತಿ" ಎಂದ. ಹಾಗೆ ಹೇಳಿ ಇಟ್ಟಿಗೆಯಷ್ಟು ದೊಡ್ಡ ತಗಡಿನ ಡಬ್ಬಿಯೊಂದನ್ನು ಕಿತ್ತು ನನ್ನ ಕೈಗೆ ಕೊಟ್ಟ.

ಮಾವನವರು ಆ ಡಬ್ಬಿಯನ್ನು ಇಸಿದುಕೊಂಡರು. ಅಂಗೈಯಲ್ಲಿ ತೂಗಿ ನೋಡಿದರು. ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸದ್ದು ಬರಲಿಲ್ಲ.

"ಅದಕ್ಕ ಕೆಟ್ಟೈತಿ ಇದು," ಎಂದು ತೀರ್ಪು ಕೊಟ್ಟರು. "ಒಳಗ ಥಂಡಿ ಹಿಡದೈತಿ."

ನಮ್ಮ ಕಡೆಯ ಶೇಂಗಾ ವ್ಯಾಪಾರ ಗೊತ್ತಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ರೈತ ತಂದು ಸುರಿದ ಶೇಂಗಾಕಾಯಿಯಲ್ಲಿ ಒಂದು ಹಿಡಿ ಎತ್ತಿ ವ್ಯಾಪಾರಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಒಳಗಿನ ಕಾಳು ಗಲಗಲ ಅಂದರೆ ಚೆನ್ನಾಗಿ ಒಣಗಿದ ಮಾಲು, ಎಷ್ಟು ದಿನ ಇಟ್ಟರೂ ಕೆಡುವುದಿಲ್ಲ. ಸದ್ದಿಲ್ಲ ಅಂದರೆ ಇನ್ನೂ ಹಸಿ, ಚೀಲ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ಕೊಟ್ಟೂರು, ಕೂಡ್ಲಿಗಿ, ಹಡಗಲಿಯ ಯಾವ ಮಂಡಿಗೆ ಹೋದರೂ ಕಿವಿಯ ಹತ್ತಿರ ಕೈ ಅಲ್ಲಾಡಿಸುತ್ತಾ ನಿಂತವರು ಕಾಣುತ್ತಾರೆ. ನನ್ನ ತವರುಮನೆಯೂ ಶೇಂಗಾದ್ದೇ. ಹಾಗಾಗಿ ಮಾವನವರು ಡಬ್ಬಿ ಅಲ್ಲಾಡಿಸಿದಾಗ ನನಗೆ ನಗು ಬರಲಿಲ್ಲ. ಹೌದಲ್ಲ ಅನ್ನಿಸಿತು.

ಗಂಡ ಅಂಗಡಿ ಬಿಡುವ ಹಾಗಿರಲಿಲ್ಲ. ನಾನೊಬ್ಬಳೇ ಹೋಗುತ್ತೇನೆಂದರೆ ಮಾವನವರು ಬಿಡಬೇಕಲ್ಲ? "ಮಾಲು ಆರಿಸೋದು ಹೆಂಗಸ್ರ ಕೆಲಸ ಅಲ್ಲವಾ" ಎಂದು ಬಿಳಿ ಅಂಗಿ ತೊಟ್ಟು, ವಿಭೂತಿ ಹಚ್ಚಿಕೊಂಡು ನನಗಿಂತ ಮೊದಲೇ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತಿದ್ದರು. ಬಸ್ಸಿನ ಬೋರ್ಡ್ ಓದಲಾಗದೆ, ಬಂದ ಬಂದ ಬಸ್ಸನ್ನೆಲ್ಲ ನಿಲ್ಲಿಸಿ "ಹಳ್ಳಿಗೆ ಹೋಗ್ತೈತೇನೋ?" ಎಂದು ಕೇಳುತ್ತಿದ್ದರು. ಯಾವ ಹಳ್ಳಿ ಎಂದು ಕಂಡಕ್ಟರು ಕೇಳಿದರೆ ಅವನಿಗೇ ಬೈಗುಳ. ನಮಗೆಲ್ಲ ಹಳ್ಳಿ ಅಂದರೆ ಹಗರಿಬೊಮ್ಮನಹಳ್ಳಿ ಒಂದೇ, ಆ ಕಂಡಕ್ಟರು ಎಲ್ಲಿಯವನೋ ಪಾಪ.

ಕಂಪ್ಯೂಟರ್ ಅಂಗಡಿಯವರು ಮಾತುಗಾರರು. ಒಂದು ಕಡೆ ಸಿಸಿ ಕ್ಯಾಮೆರಾ, ಒಂದು ಕಡೆ ಪ್ರಿಂಟರ್, ನಡುವೆ ಯಾಕೋ ಒಂದು ಸಾಲು ಕುಕ್ಕರ್ ಇಟ್ಟುಕೊಂಡಿದ್ದರು. ನಮ್ಮನ್ನು ಕೂಡಿಸಿ, ಚಹಾ ತರಿಸಿ, "ನಿಮ್ಮದು ಹಳೇ ಮಷಿನ್ ಅಮ್ಮಾರೇ. ನಾನೂರೈವತ್ತು ವ್ಯಾಟಿಂದು ಧಾರಾಳ ಸಾಕು. ಕಂಪನಿ ಮಾಲು, ಗ್ಯಾರಂಟಿ ಐತಿ" ಎಂದು ಒಂದು ಕರೀ ಡಬ್ಬಿ ಮುಂದಿಟ್ಟರು.

ಮಾವನವರು ಅದನ್ನು ಎತ್ತಿ ತೂಗಿದರು. ತೂಕಕ್ಕೆ ತಲೆದೂಗಿದರು. ಕಿವಿಯ ಹತ್ತಿರ ಅಲ್ಲಾಡಿಸಿದರು. ಸದ್ದಿಲ್ಲ. ಮುಖ ಹುಳ್ಳಗಾಯಿತು.

"ಇನ್ನೊಂದು ತೋರ್ಸು."

ಇನ್ನೊಂದು ಬಂತು, ಅದೂ ಮೌನ. ಮತ್ತೊಂದು ಬಂತು, ಅದೂ ಮೌನ. ಅಂಗಡಿಯವರು ಬಾಯಿ ತೆರೆದುಕೊಂಡು ಈ ಪರೀಕ್ಷೆಯನ್ನು ನೋಡುತ್ತಿದ್ದರು. ಇಷ್ಟರಲ್ಲಿ ಮಾವನವರ ಕೈ ಮೇಜಿನ ಕೆಳಗೆ ಹೋಯಿತು. ಅಲ್ಲಿ ಲೇಬಲ್ ಕಿತ್ತ ಹಳೆಯ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಬೂದು ಬಣ್ಣದ ಡಬ್ಬಿ ಬಿದ್ದಿತ್ತು. ಎತ್ತಿ ಅಲ್ಲಾಡಿಸಿದರು.

ಗಲ ಗಲ ಗಲ.

ಆಹಾ, ಆ ಮುಖ ನೋಡಬೇಕಿತ್ತು! ಕಳೆದುಹೋದ ಎತ್ತು ಸಂತೆಯಲ್ಲಿ ಸಿಕ್ಕವರ ಹಾಗೆ ಹಿಗ್ಗಿದರು. ನನ್ನ ಕಿವಿಗೂ ಹಿಡಿದು ಅಲ್ಲಾಡಿಸಿದರು. "ನೋಡವಾ, ಹೆಂಗ ಒಣಗೈತಿ!" ನಿಜ ಹೇಳಬೇಕೆಂದರೆ ನನ್ನ ಜೀವಕ್ಕೂ ಹಿತವಾಯಿತು. ಹುಟ್ಟಿದಂದಿನಿಂದ ಆ ಸದ್ದು ಕೇಳಿದ ಕಿವಿ ಇದು.

"ಅಜ್ಜಾ, ಅದು ಬ್ಯಾಡ್ರೀ!" ಅಂಗಡಿಯವರು ಎದ್ದೇ ನಿಂತರು. "ಅದು ವಾಪಸ್ ಕಳಸಾಕ ಇಟ್ಟಿದ್ದು. ಒಳಗ ಸ್ಕ್ರೂ ಬಿಚ್ಚಿರಬೇಕು."

ಅಷ್ಟು ಹೇಳಿದ್ದೇ ತಪ್ಪಾಯಿತು. ಬೇಡ ಅಂತ ಮಾರುವವನು ಬಚ್ಚಿಟ್ಟ ಮಾಲೇ ಒಳ್ಳೆಯ ಮಾಲು ಅನ್ನುವುದು ಮಾವನವರ ವ್ಯಾಪಾರದ ಮೊದಲ ಪಾಠ. ಸ್ವತಃ ಅವರೇ ಎಷ್ಟು ಚೀಲಗಳನ್ನು ಹಾಗೆ ಹಿಂದಕ್ಕೆ ಸರಿಸಿ, "ಅದು ಬ್ಯಾಡ್ರಿ, ಬ್ಯಾರೆಯವರದು" ಅಂದಿರಲಿಕ್ಕಿಲ್ಲ! ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. "ಯಾರಿಗೆ ಎತ್ತಿಟ್ಟೀರಿ ಇದನ್ನ? ತಹಸೀಲ್ದಾರಗೇನು?"

"ಯಾರಿಗೂ ಇಲ್ಲ ಅಜ್ಜಾ, ಕೆಟ್ಟಿದ್ದು ಅದು."

"ಕೆಟ್ಟಿದ್ದನ್ನ ಯಾರಾರ ಜ್ವಾಪಾನ ಮಾಡ್ತಾರೇನು? ಮೇಜಿನ ಬುಡಕ ಅಡಗಿಸಿ ಇಡ್ತಾರೇನು?"

ಅಂಗಡಿಯವರು ನನ್ನ ಮುಖ ನೋಡಿದರು, ಕಾಪಾಡಿ ಅನ್ನುವಂತೆ. ನಾನು ಏನು ಮಾಡಲಿ? ಕಪಾಟಿನಲ್ಲಿದ್ದ ಕುಕ್ಕರುಗಳನ್ನು ನೋಡುತ್ತಾ ಕುಳಿತೆ. ವಾದ ನಡೆಯಿತು, ಇನ್ನೊಂದು ಸುತ್ತು ಚಹಾ ಬಂತು. ಕಡೆಗೆ ಅಂಗಡಿಯವರು ಕೈಮುಗಿದು, "ಒಯ್ಯಿರಿ ಅಜ್ಜಾ. ಆದ್ರ ಒಂದು ಮಾತು, ಬಿಚ್ಚಿ ನೋಡಿಸಿ ಹಾಕ್ಸಿರಿ. ಕೆಟ್ಟರ ನನ್ನ ಬೈಯಬ್ಯಾಡ್ರಿ" ಎಂದರು. ದಾರಿಯುದ್ದಕ್ಕೂ ಮಾವನವರು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಒಳಗಿಂದ ಗಲ್ ಅನ್ನುತ್ತಿತ್ತು, ಅವರು ನನ್ನ ಮುಖ ನೋಡಿ ನಗುತ್ತಿದ್ದರು.

ಬಿಚ್ಚಿ ನೋಡಿಸಲಿಲ್ಲ ಅಂತ ಬೇರೆ ಹೇಳಬೇಕೇ? ಒಣಗಿದ ಕಾಯಿಯನ್ನು ಯಾರಾದರೂ ಬಿಚ್ಚುತ್ತಾರೆಯೇ? ನನ್ನ ಗಂಡ ಫೋನಿನಲ್ಲಿ ವಿಡಿಯೋ ನೋಡಿಕೊಂಡು ವೈರುಗಳನ್ನು ಜೋಡಿಸಿದರು. ಮಾವನವರು ಡಬ್ಬಿಗೆ ವಿಭೂತಿ ಹಚ್ಚಿ, ಒಂದು ಸೇವಂತಿಗೆ ಹೂವು ಇಟ್ಟು, ಕಾಯಿ ಒಡೆದರು. ಕಾದಂಬರಿಯ ಗೋಡೆ ಇವತ್ತು ಬೀಳುತ್ತದೆ ಅಂತ ಎದುರು ಮನೆಯವರನ್ನೂ ಕರೆದಿದ್ದರು. ಅವರೂ ಪಾಪ ಅರ್ಧ ಕಥೆ ಕೇಳಿ ನಿಂತವರು, ಕುರ್ಚಿ ಹೊತ್ತುಕೊಂಡೇ ಬಂದರು.

"ಹಾಕಲೇ ಗುಂಡಿ" ಎಂದರು ಮಾವನವರು.

ಗಂಡ ಗುಂಡಿ ಒತ್ತಿದರು. ಒಂದು ಗಳಿಗೆ ಫ್ಯಾನ್ ತಿರುಗಿತು. ಆಮೇಲೆ ಢಬ್ ಅಂತ ಸದ್ದು, ನೀಲಿ ಕಿಡಿ, ಹೊಗೆ. ಮನೆಯ ಕರೆಂಟೆಲ್ಲ ಹೋಯಿತು. ಸೇವಂತಿಗೆ ಹೂವು ಹಾರಿ ಎದುರು ಮನೆಯಾಕೆಯ ಮಡಿಲಿಗೆ ಬಿತ್ತು. ಆಕೆ "ಯಪ್ಪೋ!" ಎಂದು ಕಿರುಚಿ ಕುರ್ಚಿ ಸಮೇತ ಹಿಂದಕ್ಕೆ ವಾಲಿದರು. ಗಂಡ ಪ್ಲಗ್ ಕಿತ್ತು, ಬೆಂಕಿ ಇಲ್ಲ ಎಂದು ನೋಡಿ, ಸುಸ್ತಾಗಿ ನೆಲದ ಮೇಲೆ ಕುಳಿತರು.

ಹೊಗೆ ಇಳಿದ ಮೇಲೆ ಮಾವನವರು ಮೆಲ್ಲನೆ ಹತ್ತಿರ ಹೋಗಿ ಮೂಸಿದರು.

"ಸ್ವಲ್ಪ ಜಾಸ್ತಿ ಒಣಗಿತ್ತು" ಎಂದರು.

ಅವತ್ತು ನಾವೆಲ್ಲ ನಕ್ಕಿದ್ದು ಅಷ್ಟಿಷ್ಟಲ್ಲ. ಎದುರು ಮನೆಯಾಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನನ್ನ ಗಂಡ ಅಪ್ಪನ ಎದುರು ನಗಲಾರದೆ ಹಿತ್ತಲಿಗೆ ಹೋಗಿ ನಕ್ಕು ಬಂದರು. ಮೊಬೈಲ್ ರಿಪೇರಿಯವನು ಬಂದು ನೋಡಿ, ಪುಣ್ಯಕ್ಕೆ ಉಳಿದ ಭಾಗ ಸುಟ್ಟಿಲ್ಲ, ಕಾದಂಬರಿಗೂ ಏನೂ ಆಗಿಲ್ಲ ಎಂದ. ಡಬ್ಬಿಯ ಒಳಗಿಂದ ಒಂದು ಕರಕಲಾದ ಸ್ಕ್ರೂ ಎತ್ತಿ ತೋರಿಸಿದ. ಮಾವನವರು ಅದನ್ನು ನೋಡಲೂ ಇಲ್ಲ.

ನಾನು ಮರುದಿನವೇ ಹಳ್ಳಿಗೆ ಹೋದೆ, ಒಬ್ಬಳೇ. ಅಂಗಡಿಯವರು ನನ್ನನ್ನು ಕಂಡೊಡನೆ ನಗು ತಡೆದುಕೊಂಡದ್ದು ಗೊತ್ತಾಯಿತು. ನಾನೂ ಮುಖ ಗಂಟು ಹಾಕಿಕೊಂಡೇ ನಿಂತೆ. ಆದರೆ ಮೊದಲು ತೋರಿಸಿದ ಡಬ್ಬಿಗಳನ್ನು ಯಾವುದೋ ಶಾಲೆಯವರು ಒಟ್ಟಿಗೇ ಒಯ್ದುಬಿಟ್ಟಿದ್ದರು. ಹುಬ್ಬಳ್ಳಿಯಿಂದ ತರಿಸಬೇಕು, ಹಬ್ಬದ ರಜೆ ಬೇರೆ, ಸ್ವಲ್ಪ ತಡವಾಗುತ್ತದೆ ಎಂದರು. ಸ್ವಲ್ಪ ಸ್ವಲ್ಪ ಅನ್ನುತ್ತಲೇ ವಾರಗಳು ಉರುಳಿದವು. ನಾನು ದಿನಾ ಫೋನು ಹಚ್ಚಿ ಜಗಳಾಡಿದೆ. ಕೊನೆಕೊನೆಗೆ ಅವರು "ಹಲೋ" ಅನ್ನುವ ಬದಲು "ಇನ್ನೂ ಬಂದಿಲ್ರಿ ಅಮ್ಮಾರೇ" ಎಂದೇ ಫೋನು ಎತ್ತುತ್ತಿದ್ದರು.

ಆ ವಾರಗಳಲ್ಲಿ ಮನೆ ತಣ್ಣಗಿತ್ತು. ಬೈಗುಳವಿಲ್ಲ, ಗುಡುಗಿಲ್ಲ. ಮಾವನವರು ಬೆಳಿಗ್ಗೆ ಎದ್ದು ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಕುಳಿತು, ಆರಿದ ಪರದೆಯನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದರು. ಒಂದು ದಿನ ಚಹಾ ಬಸಿಯ ಹೊರಗೆ ಸುರಿದರು. ಇನ್ನೊಂದು ದಿನ, "ಎಂಥಾ ಬಲ್ಬ್ ಹಾಕೀರಲೇ, ಮನಿಯಾಗ ಬೆಳಕ ಇಲ್ಲ" ಎಂದು ಮಗನ ಮೇಲೆ ರೇಗಿದರು. ಹೊರಗೆ ಸುಡುಬಿಸಿಲಿತ್ತು. ದಾವಣಗೆರೆಗೆ ಕರೆದುಕೊಂಡು ಹೋದೆವು, ಇನ್ನೊಂದು ಇಂಜೆಕ್ಷನ್ ಹಾಕಿಸಿದೆವು. ಡಾಕ್ಟರು ಈ ಸಲ ಒರಟಾಗಿ ಏನೂ ಹೇಳಲಿಲ್ಲ, ಮಾವನವರ ಬೆನ್ನು ತಟ್ಟಿ ಕಳಿಸಿದರು. ಅದು ನನಗೆ ಇನ್ನೂ ಹೆದರಿಕೆ ತಂದಿತು.

ಕೊನೆಗೂ ಡಬ್ಬಿ ಬಂತು. ಸೀಲು ಒಡೆಯದ ಪೆಟ್ಟಿಗೆ, ಒಳಗೆ ಕಪ್ಪಗೆ ಮಿರುಗುವ ಹೊಸ ಮಾಲು. ಅಂಗಡಿಯವರು ಆ ಕಡೆ ತಿರುಗಿದ್ದಾಗ ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದೆ. ಸದ್ದಿಲ್ಲ. ಇರಬಾರದು ಅಂತ ಗೊತ್ತಿದ್ದರೂ ಮನಸ್ಸಿಗೆ ಅಷ್ಟು ಸಮಾಧಾನವಾಗಲಿಲ್ಲ.

ಈ ಸಲ ಮೊಬೈಲ್ ರಿಪೇರಿಯವನೇ ಬಂದು ಕೂರಿಸಿದ. ಎದುರು ಮನೆಯವರು ತಮ್ಮ ಬಾಗಿಲಲ್ಲೇ ನಿಂತು ನೋಡಿದರು, ಹೊಸ್ತಿಲು ದಾಟಲಿಲ್ಲ. ಗುಂಡಿ ಒತ್ತಿದ ಕೂಡಲೇ ಫ್ಯಾನು ಗುಯ್ ಅಂದಿತು, ಪರದೆ ಬೆಳಗಿತು. ಮಾವನವರು ಎರಡೂ ಕೈ ಎತ್ತಿ ಮುಗಿದರು. ನನ್ನ ಗಂಡ ಕಾದಂಬರಿ ತೆಗೆದುಕೊಡಲು ಮೌಸ್ ಹಿಡಿದರೆ, "ಸರಿಯಲೇ, ನಂಗ ಬರತೈತಿ. ನೀ ಅಂಗಡಿಗೆ ನಡಿ" ಎಂದು ಕೈ ಸರಿಸಿದರು. ಗಂಡ ಅಂಗಡಿಗೆ ಹೋದರು. ನಾನು ಅಡುಗೆಮನೆಗೆ ಹೋದೆ.

ಒಂದಷ್ಟು ಹೊತ್ತಿಗೆ ಮಾವನವರ ಧ್ವನಿ ಎದ್ದಿತು. ಹಳೆಯ ಗುಡುಗು! ನನ್ನ ಕೈಯಲ್ಲಿದ್ದ ಲಟ್ಟಣಿಗೆ ನಿಂತಿತು. ದೊಡ್ಡಣ್ಣ ಬೆಳಿಗ್ಗೆ ಎದ್ದನಂತೆ. ಗುದ್ದಲಿ ಹಿಡಿದು ಗೋಡೆಯ ಹತ್ತಿರ ಹೋದನಂತೆ. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಅಂತೂ ಗೋಡೆ ಬೀಳುತ್ತಿದೆ ಅಂದುಕೊಂಡು, ಅರ್ಧ ಲಟ್ಟಿಸಿದ ಚಪಾತಿ ಬಿಟ್ಟು ಕಿವಿಗೊಟ್ಟೆ.

ಕೇಳುತ್ತಾ ಕೇಳುತ್ತಾ ಏನೋ ಬೇರೆ ಅನ್ನಿಸತೊಡಗಿತು. ಆ ಕಾದಂಬರಿಯ ಜನ ಪುಸ್ತಕದ ಭಾಷೆಯಲ್ಲಿ ಮಾತಾಡುವವರು, ಎಲ್ಲರೂ ಇದೆ, ಇಲ್ಲ, ಬಂದಿದ್ದೇನೆ ಅನ್ನುವವರು. ಈಗ ದೊಡ್ಡಣ್ಣ ಗೋಡೆಯ ಮೇಲಿಂದ ಕೂಗುತ್ತಿದ್ದ: "ಲೇ ತಮ್ಮಾ, ಬಾರಲೇ, ಒಂದು ಕೈ ಹಾಕು! ಕಲ್ಲು ಚಲೋ ಅದಾವು, ಹಡಗಲಿಯಾಗ ಒಬ್ಬಾತ ಕೇಳ್ಯಾನ, ಒಳ್ಳೆ ರೇಟಿಗೆ ಹೋಗ್ತಾವು." ತಮ್ಮ, "ಮದಲು ಉಣ್ಣು ಬಾ ಯಣ್ಣಾ, ಆಮ್ಯಾಲೆ ಕೆಡವಿದರಾತು. ನಿನ್ನ ಸೊಸಿ ಹೋಳಿಗಿ ಮಾಡ್ಯಾಳ" ಅನ್ನುತ್ತಿದ್ದ.

ನಾನು ಸದ್ದು ಮಾಡದೆ ಬಾಗಿಲಿಗೆ ಬಂದೆ. ಪರದೆಯ ಮೇಲೆ ಕಾದಂಬರಿ ಇರಲಿಲ್ಲ. ಕಂಪ್ಯೂಟರ್ ತೆರೆದಾಗ ಬರುವ ಚಿತ್ರ ಹಾಗೇ ಇತ್ತು: ಒಂದು ಹಸಿರು ಹುಲ್ಲಿನ ಗುಡ್ಡ, ಮೇಲೆ ನೀಲಿ ಆಕಾಶ. ಅದರಲ್ಲಿ ಒಂದಕ್ಷರವೂ ಇಲ್ಲ. ಮಾವನವರು ಮುಖ ಓರೆ ಮಾಡಿ, ಆ ಗುಡ್ಡವನ್ನು ನೋಡುತ್ತಾ, ಬೆರಳಿನಿಂದ ಸಾಲು ಹಿಡಿದುಕೊಂಡು ಓದುತ್ತಿದ್ದರು.

ಅವರಿಗೆ ಇನ್ನು ಅಕ್ಷರ ಕಾಣುವುದಿಲ್ಲ. ಎಷ್ಟು ದೊಡ್ಡದು ಮಾಡಿದರೂ ಕಾಣುವುದಿಲ್ಲ. ಅದು ಅವರಿಗೆ ಮೊದಲೇ ಗೊತ್ತಿತ್ತು. ನಾವು ಡಬ್ಬಿಗಾಗಿ ಓಡಾಡಿದ್ದು, ನಾನು ಫೋನಿನಲ್ಲಿ ಕಿರುಚಿದ್ದು, ಎಲ್ಲವನ್ನೂ ನೋಡಿ, ನಮಗೆ ಹೇಳಲಾರದೆ ಕುಳಿತಿದ್ದರು. ನನಗೆ ದುಃಖ ಉಕ್ಕಿ ಬಂತು, ಸೆರಗು ಬಾಯಿಗೆ ತುರುಕಿಕೊಂಡೆ.

ಬಾಗಿಲ ಹಲಗೆ ಕಿರ್ ಅಂದಿತೋ ಏನೋ, ಅವರು ಥಟ್ಟನೆ ಓದು ನಿಲ್ಲಿಸಿದರು.

"ಯಾರು?"

"ನಾನು ರೀ ಮಾವಾ."

ಅವರು ಸಾಲು ಹಿಡಿದಿದ್ದ ಬೆರಳನ್ನು ಹಿಂದಕ್ಕೆ ಎಳೆದುಕೊಂಡರು. ನಾನು ಕಣ್ಣು ಒರೆಸಿಕೊಂಡು, ಸ್ಟೂಲು ಎಳೆದುಕೊಂಡು ಅವರ ಪಕ್ಕ ಕುಳಿತೆ.

"ಯಾಕ ನಿಲ್ಲಿಸಿದ್ರಿ? ಪುಟ ಮುಗೀತೇನು? ಮುಂದಿಂದು ತಿರುವಲೇನು?"

"ನೀ ಬ್ಯಾಡ, ನಾನೇ ತಿರುವ್ತೀನಿ" ಎಂದರು ಮಾವನವರು. ಹುಲ್ಲಿನ ಗುಡ್ಡದ ಮೇಲೆ ಒಂದು ಸಲ ಟಕ್ ಅನ್ನಿಸಿ, ಗಂಟಲು ಸರಿಪಡಿಸಿಕೊಂಡು, ಮುಂದಿನ ಪುಟ ಓದತೊಡಗಿದರು.